ಅಲ್ಪವಿರಾಮ: ಬಳಕೆದಾರರ ಕೈಪಿಡಿ

ಅಲ್ಪವಿರಾಮವನ್ನು ಆಯ್ದುಕೊಂಡಿದ್ದಕ್ಕೆ ಅಭಿನಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದದೆ ಬಳಸಿದವರ ಬರಹಗಳು ಈಗಾಗಲೇ ಸಾಕಷ್ಟು ಚಲಾವಣೆಯಲ್ಲಿವೆ.

ಉಪಕರಣದ ಪರಿಚಯ

ಇದು ಬಾಲವುಳ್ಳ ಚುಕ್ಕೆ. ಅಕ್ಷರದ ಪಾದದ ಬಳಿ ಕೂರುತ್ತದೆ. ಆಡುಮಾತಿನಲ್ಲಿ ಕಾಮಾ. ಮೂಲತಃ ಆಮದು ಸರಕು. ತಾಳೆಗರಿಯ ಲಿಪಿಕಾರರು ಪದಗಳ ನಡುವೆ ಜಾಗವನ್ನೂ ಬಿಡದೆ ಬರೆದು ಪದ್ಯ ಮುಗಿದಲ್ಲಿ ದಂಡ ಎಳೆದು ಸುಮ್ಮನಾಗುತ್ತಿದ್ದರು. ಪಂಪ ಒಂದೇ ಒಂದು ಅಲ್ಪವಿರಾಮ ಖರ್ಚು ಮಾಡದೆ ಆದಿಕವಿಯಾದ. ಆಮೇಲೆ ಬಂದದ್ದು ಅಚ್ಚು. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಆ ಶತಮಾನದಲ್ಲಿ ಅಚ್ಚುಮನೆಗಳು ಹೆಚ್ಚಿದಂತೆ ಈ ಚುಕ್ಕೆಯೂ ಕನ್ನಡದ ಪುಟ ಹೊಕ್ಕು ನೆಲೆಯೂರಿತು.

ಮುನ್ನೆಚ್ಚರಿಕೆ

‘ಉಸಿರು ಎಳೆಯುವ ಕಡೆ ಕಾಮಾ ಹಾಕು’ ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ನಂಬಬೇಡಿ. ಉಬ್ಬಸವಿದ್ದವರಿಗೂ ಯಕ್ಷಗಾನದ ಭಾಗವತರಿಗೂ ನಿಯಮ ಒಂದೇ ಆಗಬೇಕಲ್ಲ! ಯಾವ ಪದ ಯಾರ ಕಡೆಯದು ಎಂದು ತೋರಿಸುವುದೇ ಈ ಉಪಕರಣದ ಮುಖ್ಯ ಕೆಲಸ.

ಅಳವಡಿಸುವ ವಿಧಾನ

1. ಮೊದಲು ಪರೀಕ್ಷೆ ಮಾಡಿ. ‘ಅಳುತ್ತಾ ಓಡುತ್ತಿದ್ದ ಮಗುವನ್ನು ಅಮ್ಮ ಎತ್ತಿಕೊಂಡಳು.’ ಇಲ್ಲಿ ಅಳುತ್ತಿರುವುದು ಮಗು. ‘ಅಳುತ್ತಾ’ ಪಕ್ಕದಲ್ಲಿ ಒಂದು ಅಲ್ಪವಿರಾಮ ಕೂರಿಸಿ. ಮಗು ಥಟ್ಟನೆ ಸುಮ್ಮನಾಗುತ್ತದೆ, ಅಮ್ಮ ಅಳತೊಡಗುತ್ತಾಳೆ. ಹಾಗೆಯೇ ‘ನಿನ್ನೆ ಮೈಸೂರಿನಿಂದ ಬಂದವರಿಗೆ ಊಟ ಹಾಕಿದೆವು’ ಎಂದರೆ ಅವರು ಬಂದದ್ದು ನಿನ್ನೆ. ‘ನಿನ್ನೆ’ಯ ಪಕ್ಕ ಚುಕ್ಕೆ ಬಿತ್ತೋ, ನಿನ್ನೆಯದು ಊಟ ಮಾತ್ರ, ನೆಂಟರು ಬಂದು ವಾರವೇ ಆಗಿರಬಹುದು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿಯವರೆಗೆ ಮುಂದೆ ನಿಂತ ಪದಗಳು ಯಾರ ಕೈ ಹಿಡಿಯಬೇಕೆಂದು ತಿಳಿಯದೆ ಹತ್ತಿರ ಸಿಕ್ಕವರನ್ನು ಹಿಡಿದುಕೊಳ್ಳುತ್ತವೆ. ಬಿಡಿಸಬೇಕಾದದ್ದು ಅಲ್ಲಿ.

2. ಪಟ್ಟಿಗೆ ಹಾಕಿ: ‘ಅಕ್ಕಿ, ಬೇಳೆ, ಬೆಲ್ಲ ತಂದೆ.’ ಆದರೆ ‘ಅಕ್ಕಿಯನ್ನೂ ಬೇಳೆಯನ್ನೂ ಬೆಲ್ಲವನ್ನೂ ತಂದೆ’ ಎಂದಾಗ ಬೇಡ. ‘ಊ’ ಆ ಕೆಲಸವನ್ನು ಶತಮಾನಗಳಿಂದ ಸಂಬಳವಿಲ್ಲದೆ ಮಾಡಿಕೊಂಡು ಬಂದಿದೆ. ‘ಬೇಳೆ, ಮತ್ತು ಬೆಲ್ಲ’ ಎಂದು ಬರೆಯುವವರು ಒಂದೇ ಹುದ್ದೆಗೆ ಇಬ್ಬರನ್ನು ನೇಮಿಸಿದ್ದಾರೆ.

3. ‘ಮನೆಗೆ ಬಂದು, ಕಾಲು ತೊಳೆದು, ಊಟ ಮಾಡಿ, ಮಲಗಿದ.’ ಪಾಪ, ಮಲಗುವಷ್ಟರಲ್ಲಿ ಮೂರು ಸಲ ಎಡವಿದ. ಮೂರನ್ನೂ ತೆಗೆಯಿರಿ. ‘ಬಂದು’, ‘ತೊಳೆದು’, ‘ಮಾಡಿ’ ಎಂಬ ರೂಪಗಳಲ್ಲೇ ‘ಇನ್ನೂ ಮುಗಿದಿಲ್ಲ, ಇರಿ’ ಎಂಬ ಸೂಚನೆ ಇದೆ.

4. ಯಾರನ್ನಾದರೂ ಕರೆಯುವಾಗ ಕಡ್ಡಾಯ. ‘ಅತ್ತೆ, ಬಂದರು ನೋಡಿ’ ಎಂದರೆ ಬಂದವರು ಬೇರೆಯವರು, ಸುದ್ದಿ ಅತ್ತೆಗೆ. ‘ಅತ್ತೆ ಬಂದರು ನೋಡಿ’ ಎಂದರೆ ಬಂದವರು ಅತ್ತೆಯೇ, ಸುದ್ದಿ ಮಿಕ್ಕವರಿಗೆ. ವಾಟ್ಸ್‌ಆ್ಯಪ್‌ನಲ್ಲಿ ಎರಡನೆಯದು ಅತ್ತೆಯ ಕೈಗೇ ಸಿಕ್ಕರೆ ತಯಾರಕರು ಹೊಣೆಯಲ್ಲ.

5. ಅಂಕಿಗಳಲ್ಲಿ ಬಲದಿಂದ ಮೊದಲು ಮೂರು ಸ್ಥಾನ ಬಿಡಿ, ಆಮೇಲೆ ಎರಡೆರಡು: 12,34,567. ಒಂದು ಲಕ್ಷವನ್ನು 100,000 ಎಂದು ಬರೆದರೂ ಹಣ ಅಷ್ಟೇ. ಓದುವವರು ಮಾತ್ರ ಬೆರಳಿಟ್ಟು ಸೊನ್ನೆ ಎಣಿಸುತ್ತಾರೆ.

ದೋಷ ನಿವಾರಣೆ

ಬರೆದು ಮುಗಿದ ಮೇಲೆ ಅಲ್ಪವಿರಾಮಗಳನ್ನೆಲ್ಲ ಕಿತ್ತು ಓದಿ. ಅರ್ಥ ಕೆಟ್ಟ ಕಡೆ ಮಾತ್ರ ವಾಪಸ್ ಹಾಕಿ. ಮಿಕ್ಕವನ್ನು ಮುಂದಿನ ಬರಹಕ್ಕೆ ಎತ್ತಿಡಬಹುದು, ಹಾಳಾಗುವುದಿಲ್ಲ.

ಖಾತರಿ

ಎಲ್ಲಿ ಹಾಕಿದರೂ ಅರ್ಥವಾಗದ ವಾಕ್ಯ ನಿಮ್ಮದಾಗಿದ್ದರೆ ಚುಕ್ಕೆಯನ್ನು ದೂರಬೇಡಿ. ವಾಕ್ಯವನ್ನೇ ಬದಲಿಸಿ. ಬದಲಿ ವಾಕ್ಯ ಪೆಟ್ಟಿಗೆಯೊಳಗೆ ಇರುವುದಿಲ್ಲ, ಪ್ರತ್ಯೇಕವಾಗಿ ಯೋಚಿಸಿಕೊಳ್ಳತಕ್ಕದ್ದು.