ಬಾನೆಟ್ ಮೇಲೆ ಬಂದ ದೇವರು

ಜಯನಗರದಲ್ಲಿ ಹಳೇ ಕಾರಿಟ್ಟುಕೊಂಡವನ ಬಗ್ಗೆ ಬೀದಿಗೆ ಎರಡು ಅಭಿಪ್ರಾಯಗಳಿರುತ್ತವೆ. ಕಾರನ್ನು ಅದರ ಪಾಡಿಗೆ ಬಿಟ್ಟರೆ 'ಪಾಪ, ಹೊಸದು ತಗೊಳ್ಳೋ ಶಕ್ತಿ ಇಲ್ಲ.' ಬಣ್ಣ ಕೆರೆಯಲು ಕೂತರೆ 'ದುಡ್ಡು ಜಾಸ್ತಿಯಾಗಿದೆ.' ಮೊದಲನೆಯ ವರ್ಗದಲ್ಲಿ ನೆಮ್ಮದಿಯಾಗಿದ್ದ ನನಗೆ ಎರಡನೆಯದಕ್ಕೆ ಬಡ್ತಿ ಸಿಕ್ಕಿದ್ದು ನಮ್ಮ ಪದ್ಮಿನಿಯ ದೆಸೆಯಿಂದ.

ಪದ್ಮಿನಿ ಎಂದರೆ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ವಂಶ, ಮುಂಬಯಿಯ ಕುರ್ಲಾದಲ್ಲಿ ಜನನ, ಚಿತ್ತೋಡದ ರಾಣಿಯ ಹೆಸರು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, 'ಸಿಎ' ಎಂದು ಶುರುವಾಗುವ ನಂಬರು. ಅಪ್ಪ ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದದ್ದು. ಆಮೇಲೆ ಮನೆಯಲ್ಲಿ ಶುಭಕಾರ್ಯ ಬಂದಾಗಲೆಲ್ಲ ಗೋಡೆಗೆ ಸುಣ್ಣ ಹೊಡೆಸುವುದರ ಜೊತೆಗೆ ಇದಕ್ಕೂ ಒಂದು ಕೋಟ್ ಹೊಡೆಸಿಬಿಡುತ್ತಿದ್ದರು. ಇದಕ್ಕೆಲ್ಲ ಮೂಲ ಅಮೆರಿಕದ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಬಣ್ಣ. ಜನರಲ್ ಮೋಟರ್ಸ್ ಅದನ್ನು ತನ್ನ 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಹೊಡೆದ ಮೇಲೆ, ವಾರಗಟ್ಟಲೆ ಒಣಗಬೇಕಿದ್ದ ಬಣ್ಣ ಗಂಟೆಗಳಲ್ಲಿ ಒಣಗತೊಡಗಿತು. ಹೊಡೆಯುವುದನ್ನು ಸುಲಭ ಮಾಡಿದವರು ತೆಗೆಯುವುದರ ಬಗ್ಗೆ ಯೋಚಿಸಿದಂತಿಲ್ಲ.

ನಮ್ಮ ಕಾರಿನ ಮೇಲೆ ಬಣ್ಣ ಎಷ್ಟು ಪೇರಿಕೊಂಡಿತ್ತೆಂದರೆ ಬಾಗಿಲು ಮುಚ್ಚಲು ಭುಜ ಕೊಡಬೇಕಿತ್ತು. ಇನ್ನೊಂದು ಕೋಟ್ ಹೊಡೆದುಬಿಡಪ್ಪ ಅಂದರೆ ಪೇಂಟರ್ ಮೇಸ್ತ್ರಿ ಉಗುರಲ್ಲಿ ಕೆರೆದು ನೋಡಿ, "ಆಗಲ್ಲ ಸಾರ್. ಹೊಸ ಥಿನ್ನರ್ ಬಿದ್ದ ಕೂಡಲೇ ಹಳೇದೆಲ್ಲ ಹಪ್ಪಳದ ಥರ ಏಳುತ್ತೆ. ತಗಡು ಕಾಣೋ ತನಕ ತೆಗೀಬೇಕು" ಅಂದ.

ಜೆ.ಸಿ. ರಸ್ತೆಯಿಂದ ರಿಮೂವರ್ ಡಬ್ಬ ಬಂತು. ಬ್ರಷ್ಷಿನಲ್ಲಿ ಒಂದೇ ದಿಕ್ಕಿಗೆ ದಪ್ಪಗೆ ಬಳಿಯಬೇಕು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಅದರೊಳಗಿನ ಡೈಕ್ಲೋರೋಮೀಥೇನ್ 40 ಡಿಗ್ರಿಗೇ ಕುದಿಯುವ ಪದಾರ್ಥ. ಬಿಟ್ಟರೆ ಕೆಲಸ ಮಾಡುವ ಮೊದಲೇ ಹಾರಿಹೋಗುತ್ತದೆ. ಸ್ವಲ್ಪ ಹೊತ್ತಿಗೆ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತು. ಕೆರೆದರೆ ಮೊದಲು ಬಿಳಿ, ಆಮೇಲೆ ಅಕ್ಕನ ಮದುವೆಯ ಮರೂನ್, ನನ್ನ ಉಪನಯನದ ಹಸಿರು, ತಳದಲ್ಲಿ ಬೂದು. ಮೂಲ ಬಣ್ಣ ಯಾವುದು ಎಂದು ವಾಕಿಂಗ್ ಹೊರಟವರೆಲ್ಲ ನಿಂತು ವಾದಿಸಿದರು. ಆರ್‌ಸಿ ತೆಗೆದು ನೋಡಿದರೆ ಬೂದು ಅಂತಲೇ ಇತ್ತು. ಬಣ್ಣ ಬದಲಾಯಿಸಿದರೆ ಆರ್‌ಟಿಒಗೆ ತಿಳಿಸಬೇಕೆಂಬ ನಿಯಮ ನಮ್ಮಪ್ಪನ ಗಮನಕ್ಕೆ ಬಂದೇ ಇರಲಿಲ್ಲ. ಅಂದರೆ ನಮ್ಮ ಮನೆಯ ಅಷ್ಟೂ ಶುಭಕಾರ್ಯಗಳು ಕಾನೂನುಬಾಹಿರ.

ಉಳಿದದ್ದನ್ನು ಮೇಸ್ತ್ರಿಯ ಹುಡುಗ ಉಪ್ಪುಕಾಗದದಲ್ಲಿ ನೀರು ಹಾಕದೆ ಹಾಗೇ ಉಜ್ಜುತ್ತಿದ್ದ. ಕೊಟ್ಟ ಮಾಸ್ಕು ಗದ್ದದ ಮೇಲೆ, ಮರೂನ್ ಧೂಳು ರೆಪ್ಪೆಯ ಮೇಲೆ. ನಮ್ಮ ಬೀದಿಯ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಗೇಟಿನಿಂದಲೇ ಕೂಗಿಕೊಂಡರು: "ನಿಲ್ಸಯ್ಯಾ! ಹಳೇ ಬಣ್ಣದಲ್ಲಿ ಸೀಸ ಇರುತ್ತೆ ಕಣ್ರೀ!" ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕಟ್ಟಳೆ ಜಾರಿಗೆ ಬಂದದ್ದು 2017ರಲ್ಲಿ. ನಮ್ಮೂರಿನದೇ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ ವರ್ಷಗಟ್ಟಲೆ ಎಚ್ಚರಿಸುತ್ತಲೇ ಬಂದರು. ಮೇಷ್ಟ್ರು ಇಷ್ಟನ್ನೂ ರಸ್ತೆಯಲ್ಲೇ ಪಾಠ ಮಾಡಿ ಹುಡುಗನ ವಯಸ್ಸು ಕೇಳಿದರು. ಹದಿನೆಂಟು ಅಂದ ಮೇಸ್ತ್ರಿ. ಹುಡುಗ ಏನೂ ಅನ್ನಲಿಲ್ಲ. ಮೇಷ್ಟ್ರು ನಂಬಲಿಲ್ಲ. ನಾನು ಕಾರಿನ ಕಡೆ ತಿರುಗಿ ನಿಂತೆ.

ಅಂದಿನಿಂದ ನೀರು ಹಾಕಿ ವಾಟರ್ ಪೇಪರಿನಲ್ಲೇ ಉಜ್ಜಬೇಕೆಂದಾಯಿತು. ಧೂಳು ಅಡಗಿತು. ಆದರೆ ಬತ್ತಲೆ ತಗಡಿಗೆ ನೀರು ತಾಗಿದರೆ ಅದೇ ದಿನ ಪ್ರೈಮರ್ ಬೀಳಬೇಕು. ಮೇಸ್ತ್ರಿ ಅದೇ ದಿನ, "ನಾಳೆ ಆಯುಧಪೂಜೆ ಸಾರ್" ಎಂದು ಗ್ಯಾರೇಜಿಗೆ ಬಾಗಿಲು ಹಾಕಿ ಊರಿಗೆ ಹೊರಟುಹೋದ.

ಆಯುಧಪೂಜೆಯ ದಿನ ಬೀದಿಯ ಕಾರುಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಮೆರೆಯುವಾಗ ನಮ್ಮದು ಬೋಳಾಗಿ ನಿಂತದ್ದು ಅಮ್ಮನಿಗೆ ಸಹಿಸಲಾಗಲಿಲ್ಲ. "ಬಣ್ಣ ಇಲ್ದಿದ್ರೆ ಏನಾಯ್ತು, ಗಾಡಿ ಗಾಡಿನೇ" ಎಂದು ವಿಭೂತಿ ಕಲಸಿ ಬಾನೆಟ್ಟಿಗೆ ಮೂರು ಬೆರಳಲ್ಲಿ ಎಳೆದರು. ಕುಂಬಳಕಾಯಿ ಒಡೆದದ್ದಾಯಿತು. ಸಂಜೆ ಮೋಡ ಕವಿಯಿತು. ಟಾರ್ಪಾಲ್ ಹೊದಿಸಿ ಮಲಗಿದೆ.

ವಿಜಯದಶಮಿಯ ಬೆಳಿಗ್ಗೆ ಟಾರ್ಪಾಲ್ ಎಳೆದರೆ, ಒಳಗಿನ ಹಬೆಗೆ ಬಾನೆಟ್ ಪೂರ್ತಿ ತುಕ್ಕು ಹಿಡಿದು ಕಾವಿಯುಟ್ಟಿತ್ತು. ನಡುವೆ, ಅಮ್ಮ ಎಳೆದ ಜಾಗದಲ್ಲಿ ಮಾತ್ರ, ಮೂರು ಪಟ್ಟೆ ಬೆಳ್ಳಿಯ ಹಾಗೆ ಫಳಫಳ.

ಮೊದಲು ಕಂಡದ್ದು ಹೂವಿನಾಕೆಗೆ. ಬುಟ್ಟಿ ಇಳಿಸಿ, ಒಂದು ದಾಸವಾಳ ಇಟ್ಟು, ದುಡ್ಡು ಕೊಡಲು ಹೋದರೆ ಕೆನ್ನೆ ಕೆನ್ನೆ ಬಡಿದುಕೊಂಡಳು. ಎಂಟು ಗಂಟೆಗೆ ಬಂಪರ್ ಮುಂದೆ ಚಪ್ಪಲಿಗಳ ಸಾಲು. ಒಂಬತ್ತಕ್ಕೆ ತಕರಾರು. ಬಂಪರ್ ಮುಂದೆ ನಿಂತವರಿಗೆ ಪಟ್ಟೆಗಳು ಅಡ್ಡಡ್ಡ, ಸಾಕ್ಷಾತ್ ಈಶ್ವರ. ಮಡ್‌ಗಾರ್ಡ್ ಪಕ್ಕ ನಿಂತ ಅಯ್ಯಂಗಾರ್ ಮಾಮನಿಗೆ ಅವೇ ಪಟ್ಟೆಗಳು ಉದ್ದುದ್ದ. "ವಿಭೂತಿ ಎಲ್ಲಿಂದ ಬಂತ್ರೀ? ಸ್ಪಷ್ಟವಾಗಿ ನಾಮ" ಅಂದರು. "ನೀವು ಈ ಕಡೆ ಬಂದು ನೋಡಿ ಸ್ವಾಮೀ." "ನಾನ್ಯಾಕೆ ಬರಲಿ? ನೀವೇ ಈ ಕಡೆ ಬನ್ನಿ." ಶೈವರು ಬಂಪರ್ ಬಿಡಲಿಲ್ಲ, ವೈಷ್ಣವರು ಮಡ್‌ಗಾರ್ಡ್ ಬಿಡಲಿಲ್ಲ. ಒಬ್ಬರು ಆಂಟಿ ಮಾತ್ರ ಹೆಡ್‌ಲೈಟಿನ ಮೂಲೆಯಲ್ಲಿ ನಿಂತು ಹರಿಹರ ಇಬ್ಬರಿಗೂ ಒಟ್ಟಿಗೇ ಕೈ ಮುಗಿದರು.

ಮೇಷ್ಟ್ರು ಗುಂಪು ಸೀಳಿಕೊಂಡು ಬಂದು ವಿವರಿಸಿದರು: "ಅದು ಸಗಣಿ ಬೂದಿ. ಬೂದಿ ಕ್ಷಾರ. ಕ್ಷಾರದಲ್ಲಿ ಕಬ್ಬಿಣ ಸುಲಭಕ್ಕೆ ತುಕ್ಕು ಹಿಡಿಯಲ್ಲ. ಆರ್‌ಸಿಸಿಯೊಳಗಿನ ಕಬ್ಬಿಣ ಉಳಿಯೋದೂ ಹಾಗೇ." ಎಲ್ಲರೂ ಶ್ರದ್ಧೆಯಿಂದ ಕೇಳಿದರು. "ಹಾಗಾದ್ರೆ ವಿಭೂತಿನೇ ಅಂತ ಮೇಷ್ಟ್ರೇ ಒಪ್ಪಿಕೊಂಡ್ರಲ್ಲ" ಎಂದು ಬಂಪರ್ ಪಕ್ಷ ಚಪ್ಪಾಳೆ ತಟ್ಟಿತು.

ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವವರು ಶುಕ್ರವಾರ ಇಲ್ಲೂ ಎರಡು ಹಚ್ಚಿ ಹೋದರು. ನಿಂಬೆ ರಸ ತುಕ್ಕನ್ನು ತಿಂದು, ಹೋಳು ಎತ್ತಿದ ಕಡೆ ಹೊಳೆಯುವ ಎರಡು ದುಂಡನೆಯ ಮಚ್ಚೆ ಮೂಡಿದವು. ಬಂಪರಿನವರಿಗೆ ಸೂರ್ಯಚಂದ್ರ, ಮಡ್‌ಗಾರ್ಡಿನವರಿಗೆ ಶಂಖಚಕ್ರ. "ಸಿಟ್ರಿಕ್ ಆಸಿಡ್!" ಎಂದು ಮೇಷ್ಟ್ರು ಒಬ್ಬರೇ ಕೂಗಾಡಿದರು. ಬಾಗಿಲ ಮೇಲೂ ಒಂದು ಪವಾಡ ಇತ್ತು, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಮುಟ್ಟಬೇಡಿ ಎಂದು ಬೇಡಿಕೊಂಡರೂ ತಟ್ಟಿ ನೋಡಿದವರ ಬೆವರಿನ ಉಪ್ಪಿಗೆ ಐದು ಬೆರಳೂ ತುಕ್ಕಾಗಿ ಅಚ್ಚೊತ್ತಿದ್ದವು. 'ನಾವು ಮುಟ್ಟೇ ಇಲ್ಲ' ಎಂದವರ ಅಂಗೈಯೂ ಅಲ್ಲಿತ್ತು, ಉಂಗುರದ ಗುರುತಿನ ಸಮೇತ.

ನನಗೆ ನಾಚಿಕೆಯಾಗಬೇಕಿತ್ತು. ಆದರೆ ನನ್ನ ಪಾರ್ಕಿಂಗ್ ಬಗ್ಗೆ ಮೊದಲಿನಿಂದ ಜಗಳ ತೆಗೆಯುತ್ತಿದ್ದ ಎದುರು ಮನೆಯವರು ತಾವಾಗಿಯೇ ತಮ್ಮ ಕಾರು ಹಿಂದಕ್ಕೆ ತೆಗೆದುಕೊಂಡು ಜಾಗ ಬಿಟ್ಟರು. ವೈಪರ್ ಸಂದಿನಲ್ಲಿ ಚಿಲ್ಲರೆ ಬೀಳತೊಡಗಿತು. ನಾನೂ ಪ್ಯಾಂಟು ಬಿಟ್ಟು ಪಂಚೆಗೆ ಬಂದೆ.

ಊರಿಂದ ಬಂದ ಮೇಸ್ತ್ರಿ ನೋಡಿದವನೇ ಚಪ್ಪಲಿ ಬಿಟ್ಟ. "ನಾನು ಇದರ ಮೇಲೆ ಉಪ್ಪುಕಾಗದ ಹಾಕಲ್ಲ ಸಾರ್." ಕೊನೆಗೆ ಪುರೋಹಿತರು ದಾರಿ ತೋರಿಸಿದರು: "ಗಣೇಶನ್ನೇ ಯಡಿಯೂರು ಕೆರೆ ಕಲ್ಯಾಣಿಗೆ ಬಿಡ್ತೀವಿ. ಇದಕ್ಕೂ ಒಂದು ವಿಸರ್ಜನೆ ಮಾಡಿಬಿಡೋಣ." ತುಕ್ಕು ತೆಗೆಯುವ ಫಾಸ್ಫಾರಿಕ್ ಆಸಿಡ್ ಬಾಟಲನ್ನು ಅವರೇ ಮಂತ್ರಿಸಿ ಕೊಟ್ಟರು. ಮೇಷ್ಟ್ರು ಕೈಗೆ ಗ್ಲೌಸ್ ಹಾಕಿಕೊಂಡು ಪ್ರೋಕ್ಷಣೆ ಮಾಡಿದರು. ಅವರ ಬದುಕಿನಲ್ಲೇ ಅಷ್ಟು ಜನ ಕೈಮುಗಿದು ನೋಡಿದ ಪ್ರಯೋಗ ಇನ್ನೊಂದಿಲ್ಲವಂತೆ. ಮಧ್ಯಾಹ್ನದೊಳಗೆ ಪ್ರೈಮರ್ ಬಿತ್ತು. ಪುಟ್ಟಿ, ಸರ್ಫೇಸರ್, ಬಣ್ಣ ಎಲ್ಲ ಆಗಿ ಪದ್ಮಿನಿ ಈಗ ಕಾನೂನು ಪ್ರಕಾರ ಬೂದು. ಯಾರೂ ತಿರುಗಿ ನೋಡುವುದಿಲ್ಲ. ಪಾರ್ಕಿಂಗ್ ಜಗಳ ಮತ್ತೆ ಶುರುವಾಗಿದೆ.

ಮೊನ್ನೆ ಎದುರು ಮನೆಯವರು ಮೇಸ್ತ್ರಿಯನ್ನು ಗುಟ್ಟಾಗಿ ಕರೆದು, ತಮ್ಮ ಹೊಸ ಎಸ್‌ಯುವಿ ಬಾನೆಟ್ ಮೇಲೂ ಹಾಗೇ ಮೂಡಿಸಲು ಎಷ್ಟಾಗುತ್ತದೆ ಎಂದು ಕೇಳಿದರಂತೆ.

"ಆಗಲ್ಲ ಸಾರ್" ಅಂದನಂತೆ ಅವನು. "ಇದು ಜಿಂಕ್ ಕೋಟಿಂಗ್ ತಗಡು. ಇದಕ್ಕೆ ತುಕ್ಕೂ ಬೇಗ ಬರಲ್ಲ, ದೇವರೂ ಬರಲ್ಲ."