ಶ್ವಾನಪುಚ್ಛ ನ್ಯಾಯದ ಬೆಳಕಿನಲ್ಲಿ ಕೇಶದಹನ

ದಬ್ಬೆ ಕಟ್ಟಿದರೂ ನಾಯಿ ಬಾಲ ಡೊಂಕೇ ಎಂಬ ಲೋಕೋಕ್ತಿಯನ್ನು ಹೇರ್ ಸ್ಟ್ರೇಟ್ನರ್ ಸುಳ್ಳು ಮಾಡಿತೆಂಬುದು ಪೂರ್ವಪಕ್ಷ. ಇದನ್ನು ಖಂಡಿಸಲು ಈ ಪ್ರಬಂಧಕಾರ ಸೊಂಟ ಕಟ್ಟಿದ್ದಾನೆ. ಆಕರ: ಅಕ್ಕನ ಮಗಳ ಗುಂಗುರು ತಲೆ. ಕಾಲ: ಮುಹೂರ್ತಕ್ಕೆ ನಲವತ್ತು ನಿಮಿಷ ಮುಂಚೆ.

ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನಿನ ಹುರಿ. ಅದನ್ನು ಬಿಗಿದ ಗಂಟುಗಳಲ್ಲಿ ಹೈಡ್ರೋಜನ್ ಬಂಧ ಬಲು ಸಡಿಲ ಸ್ವಭಾವದ್ದು. ನೀರಿಗೂ ಕಾವಿಗೂ ಬಿಟ್ಟುಕೊಡುತ್ತದೆ, ಆರುವಾಗ ಹೇಗಿದ್ದೀತೋ ಹಾಗೇ ಮತ್ತೆ ಕಚ್ಚಿಕೊಳ್ಳುತ್ತದೆ. ಸ್ಟ್ರೇಟ್ನರಿನ ಮಹಿಮೆ ಇಷ್ಟೇ. ಗಂಧಕದ ಬಂಧ ಹಠಮಾರಿ, ನೀರಿಗೆ ಜಗ್ಗದು. ಹಾಗಾಗಿ ತಲೆಗೆರಡು ಚೊಂಬು ನೀರು ಬಿದ್ದೊಡನೆ ಗುಂಗುರು ಹಾಜರು. ಬಾಲ ಗೆದ್ದಿತು.

ಇಲ್ಲಿಂದ ಹೊರಡುವ ಸಿದ್ಧಾಂತ: ಡೊಂಕೇ ಆರೋಗ್ಯ. ನೆನೆದ ಮೇಲೂ ಗುಂಗುರು ಕೂದಲು ನೆಟ್ಟಗೇ ನಿಂತರೆ ಅದು ತಿದ್ದಿಕೊಂಡದ್ದಲ್ಲ, ಬೆಂದದ್ದು. ಹುಡುಗಿ ಮಾತ್ರ, “ಮಾಮ, ಪರ್ಮನೆಂಟ್ ಆಗೋಯ್ತು ನೋಡು!” ಎಂದು ಕುಣಿದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಳೆಯ ನಡುವೆ ರವೆಗಿಂತ ಸಣ್ಣ ಬಿಳಿ ಚುಕ್ಕೆ, ತುದಿ ಕವಲೊಡೆದಿದೆ. ಮೆಲ್ಲಗೆ ಎಳೆದದ್ದೇ ತಡ, ಚುಕ್ಕೆಯ ಹತ್ತಿರವೇ ಪಟ್ಟನೆ ತುಂಡಾಯಿತು.

ಇನ್ನು ಶಬ್ದಪ್ರಮಾಣ. ದೋಸೆ ಕಾವಲಿಯ ಮೇಲೆ ‘ಚುಂಯ್’ ಮಂಗಳಧ್ವನಿ, ತಲೆಯ ಮೇಲೆ ಅಪಶಕುನ. ಒದ್ದೆ ಕೂದಲನ್ನು ಇಕ್ಕಳದಲ್ಲಿ ಒತ್ತಿದರೆ ಒಳಗಿನ ನೀರು ಆವಿಯಾಗಿ, ಎಣ್ಣೆಗೆ ಬಿಟ್ಟ ಹಪ್ಪಳದಂತೆ ಎಳೆಯೊಳಗೇ ಗುಳ್ಳೆ ಏಳುತ್ತದೆ. ವೈದ್ಯರು ಇದಕ್ಕೆ ಬಬಲ್ ಹೇರ್ ಎಂದೇ ಹೆಸರಿಟ್ಟಿದ್ದಾರೆ. ಒಣಗಿದ ಕೆರಾಟಿನ್ 200 ಡಿಗ್ರಿಯ ಆಚೆಗೂ ತುಸು ತಾಳೀತು. ಒದ್ದೆಯದು 150ರ ಸುಮಾರಿಗೇ ಕೈಚೆಲ್ಲುತ್ತದೆ. ಯಂತ್ರದಲ್ಲಿ 230 ಇದೆ. ಕೊಟ್ಟಿದ್ದಾರೆಂದ ಮೇಲೆ ಒತ್ತದೆ ಬಿಡುವುದೆ ಎಂಬುದು ಹುಡುಗಿಯ ತರ್ಕ.

ಅಕ್ಕ ಹರಳೆಣ್ಣೆ ಪಂಥದವಳು. ಆದರೆ ನೆತ್ತಿಯಿಂದ ಹೊರಬಂದ ಕೂದಲು ಆಗಲೇ ಸತ್ತದ್ದು. ಎಣ್ಣೆಗೆ ಹೊಳಪು ಬಂದೀತು, ಜೀವ ಬಾರದು. ಕತ್ತರಿಯೇ ಗತಿ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಗೇಣುದ್ದ ಹೋದರೆ ಎರಡು ವರ್ಷದ ವ್ರತ.

ಸುಡದಿರಬೇಕೆ? ಪೂರ್ತಿ ಒಣಗಿಸಿ, ಕಾವು ತಡೆಯುವ ಸ್ಪ್ರೇ ಹಾಕಿ, ಅದೂ ಆರಲಿ. ತೆಳು ಕೂದಲಿಗೆ 150, ದಪ್ಪಕ್ಕೆ 180 ಸಾಕು. ಒಂದೊಂದು ಪಾಲಿನ ಮೇಲೂ ಒಂದೇ ಸಲ ಎಳೆಯಬೇಕು, ದಿನಾ ಬೇಡ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ ಮಾರ್ಸೆಲ್ ಗ್ರಾತೋ ಎಂಬ ಕೇಶಶಿಲ್ಪಿ ಬಿಸಿ ಇಕ್ಕಳದಿಂದ ನೆಟ್ಟನೆಯ ಕೂದಲನ್ನು ಅಲೆಯಲೆ ಮಾಡಿ ಹೆಸರಾದ. ಅವರದು ಡೊಂಕಿನ ಆಸೆ, ನಮ್ಮದು ನೆಟ್ಟಗಿನ ಆಸೆ. ಸುಟ್ಟ ವಾಸನೆ ಒಂದೇ. ಇಂಥ ಇಕ್ಕಳವನ್ನು ಮೊದಲು ಕಾಗದಕ್ಕೆ ಒತ್ತಿ, ಅದು ಕಂದಿದರೆ ಆರಲು ಬಿಡುವುದು ಹಳೆಯ ಪದ್ಧತಿ.

ಈ ಪರೀಕ್ಷೆಯನ್ನು ಹುಡುಗಿಗೆ ಬೋಧಿಸಲಾಯಿತು. ಕೂಡಲೇ ಕೈಗೆ ಸಿಕ್ಕ ಕಾಗದದ ಮೇಲೆ ಪ್ರಯೋಗವೂ ಆಯಿತು. ಅದು ಈ ಪ್ರಬಂಧದ ಹಸ್ತಪ್ರತಿಯಾಗಿದ್ದರಿಂದ ಮುಂದಿನ ಪಾಠ ತ್ರುಟಿತ.