ಪಾದಬಂಧಮೋಕ್ಷ ವಿಚಾರ: ಬಣಕಲ್ ಹೋಬಳಿಯ ರಸ್ತೆಗಳನ್ನು ಅನುಲಕ್ಷಿಸಿ ಒಂದು ಅಧ್ಯಯನ

ರಸ್ತೆ ಸೈಕಲ್ಲಿನ ಬೂಟಿಗೆ ಯಾವ ಕ್ಲೀಟ್ ಹಾಕಿಸಬೇಕು ಎಂಬುದನ್ನು ಅಂಗಡಿಯವನ ಹತ್ತಿರ ಎರಡು ನಿಮಿಷ ಮಾತಾಡಿ ಮುಗಿಸಬಹುದೆಂದು ಪಾಮರರು ತಿಳಿದಿದ್ದಾರೆ. ವಸ್ತುತಃ ಇದು ಪಾದ-ಪೆಡಲ್ ಅಂತರ್‌ಸಂಬಂಧಾತ್ಮಕ ಸ್ಥಿರೀಕರಣ ಪ್ರಕ್ರಿಯೆಯ (ಇನ್ನು ಮುಂದೆ: ಪಾಪೆಅಂಸ್ಥಿಪ್ರ) ಬಹುಸ್ತರೀಯ ಸಂಕಥನವಾಗಿದ್ದು, ಬಣಕಲ್ಲಿನಂಥ ಹೋಬಳಿ ಕೇಂದ್ರದ ನೆಲೆಯಿಂದ ಇದನ್ನು ಮರುಓದಿಗೆ ಒಳಪಡಿಸುವ ತುರ್ತು ಇದೆ. ಮೊದಲು ವ್ಯಾಖ್ಯೆ. ಕ್ಲೀಟ್ ಎಂದರೆ ಬೂಟಿನ ಅಟ್ಟೆಗೆ ಸ್ಕ್ರೂ ಹಾಕಿ ಬಿಗಿಯುವ ಪ್ಲಾಸ್ಟಿಕ್ಕಿನ ಇಲ್ಲವೇ ಲೋಹದ ಬಿಲ್ಲೆ; ಪೆಡಲಿನ ಬಾಯಿಗೆ ಅದು ಟಕ್ ಎಂದು ಕೂತರೆ ಕಾಲು ಸೈಕಲ್ಲಿನದಾಗುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಮತ್ತೆ ನಮ್ಮದಾಗುತ್ತದೆ. ಇಷ್ಟು ಸುಲಭವಾಗಿ ಅರ್ಥವಾದರೆ ಅದು ಶಾಸ್ತ್ರವಾಗುವುದಿಲ್ಲವಾದ್ದರಿಂದ, ಕಾಲನ್ನು ಕ್ಲಿಪ್ಪಿನಂತೆ ಕಚ್ಚಿ ಹಿಡಿಯುವ ಈ ಪೆಡಲಿಗೆ ವಿದ್ವಾಂಸರು ‘ಕ್ಲಿಪ್‌ಲೆಸ್’, ಅಂದರೆ ಕ್ಲಿಪ್ಪೇ ಇಲ್ಲದ್ದು, ಎಂದು ನಾಮಕರಣ ಮಾಡಿದ್ದಾರೆ. ಹಳೆಯ ಕಾಲದಲ್ಲಿ ಬೆರಳ ತುದಿಗೆ ಇರುತ್ತಿದ್ದ ತಂತಿಯ ಪಂಜರವೂ ಪಟ್ಟಿಯೂ ಇದರಲ್ಲಿ ಇಲ್ಲ ಎಂಬುದು ಅದಕ್ಕೆ ಕೊಡುವ ಸಮಜಾಯಿಷಿ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ.

ಈಗ ವರ್ಗೀಕರಣ. ಕಚ್ಚಿಕೊಂಡ ಮೇಲೂ ಪಾದಕ್ಕೆ ಅತ್ತಿತ್ತ ಹೊರಳಲು ಎಷ್ಟು ಡಿಗ್ರಿ ಸಡಿಲ ಉಳಿಯುತ್ತದೆ ಎಂಬುದನ್ನು ‘ಫ್ಲೋಟ್’ ಎನ್ನುತ್ತಾರೆ. ಫ್ಲೋಟ್ 0 ಇದ್ದರೆ ಪಾದವೂ ಪೆಡಲೂ ಒಂದೇ, ಭೇದವೆಂಬುದು ಮಾಯೆ. ಇದನ್ನು ಅದ್ವೈತ ಕ್ಲೀಟ್ ಎನ್ನೋಣ. ಶೃಂಗೇರಿ ಬಣಕಲ್ಲಿನ ಜಿಲ್ಲೆಯಲ್ಲೇ ಇರುವುದರಿಂದ ಇದಕ್ಕೆ ಸ್ಥಳೀಯ ಪ್ರಾಶಸ್ತ್ಯವಿದೆ. 9 ಡಿಗ್ರಿ ಇದ್ದರೆ ಪಾದ ಬೇರೆ, ಪೆಡಲ್ ಬೇರೆ ಎಂಬ ಭೇದ ಎಂದೆಂದಿಗೂ ಸತ್ಯ. ಇದು ದ್ವೈತ, ಘಟ್ಟ ಇಳಿದು ಉಡುಪಿಯ ದಿಕ್ಕಿಗೆ ಹೋಗುವವರಿಗೆ. ನಡುವಿನ 4.5 ಡಿಗ್ರಿ ವಿಶಿಷ್ಟಾದ್ವೈತ, ಮೇಲುಕೋಟೆಯವರಿಗೆ ಬಿಟ್ಟದ್ದು. ಶ್ರದ್ಧಾವಂತರು ಬಣ್ಣದಿಂದ ಮತವನ್ನು ಗುರುತಿಸಲಿ ಎಂದು ಕಂಪನಿಗಳು ಬಣ್ಣವನ್ನೂ ಕೊಟ್ಟಿವೆ. ಜಪಾನಿನ ಶಿಮಾನೊ ಕಂಪನಿಯ ರಸ್ತೆ ಕ್ಲೀಟಿನಲ್ಲಿ ಕೆಂಪು 0, ನೀಲಿ 2, ಹಳದಿ 6. ಫ್ರಾನ್ಸಿನ ಲುಕ್ ಕಂಪನಿಯ ಕಿಯೊದಲ್ಲಿ ಕಪ್ಪು 0, ಬೂದು 4.5, ಕೆಂಪು 9. ಅಂದರೆ ಜಪಾನಿನಲ್ಲಿ ಕೆಂಪು ಶುದ್ಧ ಅದ್ವೈತ, ಫ್ರಾನ್ಸಿನಲ್ಲಿ ಅದೇ ಕೆಂಪು ಕಟ್ಟಾ ದ್ವೈತ. ಎರಡನ್ನೂ ಮೂರು ತೂತಿನ ಅದೇ ಬೂಟಿಗೆ ಬಿಗಿಯಬಹುದು, ಆದರೆ ಒಂದರ ಕ್ಲೀಟ್ ಇನ್ನೊಂದರ ಪೆಡಲಿಗೆ ಕೂರುವುದಿಲ್ಲ. ಸ್ಪೀಡ್‌ಪ್ಲೇ ಎಂಬ ನಾಲ್ಕು ಸ್ಕ್ರೂಗಳ ಪಂಥವೊಂದಿದೆ. ಅಲ್ಲಿ ಕಚ್ಚುವ ಬಾಯಿ ಪೆಡಲಿನಲ್ಲಿಲ್ಲ, ಬೂಟಿನಲ್ಲಿದೆ, ಸಡಿಲವನ್ನು 15 ಡಿಗ್ರಿವರೆಗೆ ಬೇಕಾದಂತೆ ತಿರುಗಿಸಿಕೊಳ್ಳಬಹುದು. ಇದನ್ನು ಯಾವ ದರ್ಶನಕ್ಕೆ ಸೇರಿಸಬೇಕೆಂದು ತೋಚದೆ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ. ಪಾಪೆಅಂಸ್ಥಿಪ್ರವನ್ನೂ ಬಿಡೋಣ, ಬರೆಯಲು ಬೇಸರ.

ಮುಖ್ಯ ಮಾತಿಗೆ ಬರಬೇಕಾದರೆ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು. ಈ ಪೆಡಲಿನ ಮಹಿಮೆಗೆ ಪ್ರಮಾಣವಾಗಿ ಎಲ್ಲರೂ ಹೇಳುವುದು 1985ರ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು: ಬರ್ನಾರ್ ಇನೋ ಲುಕ್ ಪೆಡಲ್ ತುಳಿದು ಗೆದ್ದ. ಗೆದ್ದದ್ದು ನಿಜ. ಅವನ ತಂಡದ ಒಡೆಯ ಬರ್ನಾರ್ ತಪಿ ಆಗ ಲುಕ್ ಕಂಪನಿಗೂ ಒಡೆಯನಾಗಿದ್ದ ಎಂಬುದೂ ಅಷ್ಟೇ ನಿಜ; ಪ್ರಮಾಣ ಹೇಳುವವರು ಅದನ್ನು ಅಡಿಟಿಪ್ಪಣಿಗೂ ತರುವುದಿಲ್ಲ. ಇನ್ನೂ ಮುಖ್ಯವಾದದ್ದು, ಲುಕ್ ಮೂಲತಃ ಸೈಕಲ್ಲಿನವರಲ್ಲ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟನ್ನು ಸೇರಿಸುವ ಬೈಂಡಿಂಗ್ ಮಾಡುತ್ತಿದ್ದವರು. ಆ ಬೈಂಡಿಂಗಿನ ಜಾಣತನ ಇದ್ದದ್ದು ಹಿಡಿಯುವುದರಲ್ಲಲ್ಲ. ಹಿಡಿಯಲು ಒಂದು ಹಗ್ಗ ಸಾಕಿತ್ತು. ಬಿದ್ದಾಗ ಕಾಲಿನ ಮೂಳೆ ಮುರಿಯುವ ಮೊದಲೇ ಬೂಟನ್ನು ಬಿಟ್ಟುಬಿಡುವುದರಲ್ಲಿತ್ತು. ಹಳೆಯ ಪಟ್ಟಿಯ ಪೆಡಲಿನಲ್ಲಿ ಬಗ್ಗಿ ಕೈಯಿಂದ ಬಿಚ್ಚಬೇಕಿತ್ತು, ಇದರಲ್ಲಿ ಹಿಮ್ಮಡಿ ತಿರುಚಿದರೆ ಆಯಿತು. ಅಂದರೆ ಕ್ಲೀಟಿನ ಹುಟ್ಟುಗುಣ ಬಿಡುವುದು. ನಲವತ್ತು ವರ್ಷಗಳ ಪಾಂಡಿತ್ಯ ಇದನ್ನು ಮರೆತು, ಎಷ್ಟು ಗಟ್ಟಿಯಾಗಿ ಕಟ್ಟಬೇಕು ಎಂಬ ಒಂದನ್ನೇ ಚರ್ಚಿಸುತ್ತ ಕೂತಿದೆ.

ಬಣಕಲ್ಲಿನ ರಸ್ತೆ ಇದನ್ನು ಮರೆಯಲು ಬಿಡುವುದಿಲ್ಲ. ಮೂಡಿಗೆರೆಯಿಂದ ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ, ಅಲ್ಲಿಂದ ಚಾರ್ಮಾಡಿ ಘಟ್ಟಕ್ಕೆ ಇಳಿಯುವುದು ರಾಷ್ಟ್ರೀಯ ಹೆದ್ದಾರಿ 73. ಆರಿದ್ರಾದಿಂದ ಆಶ್ಲೇಷದವರೆಗೆ ಮಳೆ ಹಿಡಿದರೆ ಡಾಂಬರಿನ ಅಂಚು ಪಾಚಿಗಟ್ಟುತ್ತದೆ, ಧರೆ ಕುಸಿದ ಕೆಮ್ಮಣ್ಣು ರಸ್ತೆಗೆ ಹರಿಯುತ್ತದೆ. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ಘಟ್ಟದಲ್ಲಿ ವಾರಗಟ್ಟಲೆ ಸಂಚಾರವೇ ನಿಂತಿತ್ತು. ಇಂಥಲ್ಲಿ ಎಲ್ಲಿ ಇಳಿಯಬೇಕೆಂದು ಸವಾರ ತೀರ್ಮಾನಿಸುವುದಿಲ್ಲ. ದನ, ಗುಂಡಿ, ತಿರುವಿನಲ್ಲಿ ಮಂಜಿನೊಳಗಿಂದ ಮೂತಿ ತೋರುವ ಬಸ್ಸು ತೀರ್ಮಾನಿಸುತ್ತವೆ. ಇಳಿದವನು ನಡೆಯಲೂ ಬೇಕು. ಮೂರು ತೂತಿನ ಪ್ಲಾಸ್ಟಿಕ್ ಕ್ಲೀಟ್ ಅಟ್ಟೆಯಿಂದ ಹೊರಗೆ ಉಬ್ಬಿರುತ್ತದೆ. ಒದ್ದೆ ಡಾಂಬರಿನ ಮೇಲೆ ಅದನ್ನು ತೊಟ್ಟು ನಡೆಯುವವನ ನಡಿಗೆ ಬಾತುಕೋಳಿಯದು, ಕೆಸರು ಮೆತ್ತಿದರೆ ಅದು ಪೆಡಲಿಗೆ ಕೂರುವುದೂ ಇಲ್ಲ. ಎರಡು ಸ್ಕ್ರೂಗಳ ಲೋಹದ ಕ್ಲೀಟನ್ನು ಶಿಮಾನೊ 1990ರಲ್ಲಿ ಬೆಟ್ಟ ಹತ್ತುವ ಸೈಕಲ್ಲಿಗೆಂದೇ ತಂದದ್ದು. ಅದು ಅಟ್ಟೆಯ ಹಳ್ಳದೊಳಗೆ ಅಡಗಿರುತ್ತದೆ, ಬೂಟು ಬೂಟಿನಂತೆಯೇ ನಡೆಯುತ್ತದೆ. ಅದರಲ್ಲೂ ಎಸ್‌ಎಚ್ 51 ಹಿಮ್ಮಡಿ ಪಕ್ಕಕ್ಕೆ ತಿರುಚಿದರಷ್ಟೇ ಬಿಡುತ್ತದೆ. ಎಸ್‌ಎಚ್ 56 ಪಕ್ಕಕ್ಕಲ್ಲದೆ ಮೇಲಕ್ಕೆ ಓರೆಯಾಗಿ ಎಳೆದರೂ ಬಿಡುತ್ತದೆ. ಗಾಬರಿಯಲ್ಲಿ ಮನುಷ್ಯ ಕಾಲನ್ನು ಕೀಳುತ್ತಾನೆಯೇ ಹೊರತು ಕೋನ ಲೆಕ್ಕ ಹಾಕಿ ತಿರುಚುವುದಿಲ್ಲ. ಪಂಡಿತರು 56ನ್ನು ‘ಕಲಿಯುವವರದ್ದು’ ಎಂದು ಮೂಗು ಮುರಿಯುತ್ತಾರೆ. ಪುಷ್ಯ ಮಳೆಯಲ್ಲಿ ಆ ರಸ್ತೆಯ ಮೇಲೆ ಎಲ್ಲರೂ ಕಲಿಯುವವರೇ.

ಪೂರ್ವಪಕ್ಷ ಹೀಗಿದೆ: ಗಟ್ಟಿಯಾಗಿ ಕಟ್ಟಿದ ಕಾಲು ಪೆಡಲನ್ನು ತುಳಿಯುವುದಷ್ಟೇ ಅಲ್ಲ, ಮೇಲಕ್ಕೂ ಎಳೆಯುತ್ತದೆ, ಶಕ್ತಿ ಉಳಿಯುತ್ತದೆ, ಏರು ಹಗುರವಾಗುತ್ತದೆ. ಕೇಳಲು ಚೆಂದ. 2016ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸ್ಟ್ರಾ ಮತ್ತು ಕ್ರಾಮ್ ಎಂಬವರು ಸಾಮಾನ್ಯ ಬೂಟಿನಲ್ಲಿ ಚಪ್ಪಟೆ ಪೆಡಲ್ ತುಳಿಯುವುದನ್ನೂ ಕ್ಲೀಟ್ ಬೂಟಿನಲ್ಲಿ ತುಳಿಯುವುದನ್ನೂ ಹೋಲಿಸಿ ದೇಹ ಬಳಸುವ ಶಕ್ತಿಯನ್ನು ಅಳೆದರು. ಮಿತವಾದ ಶ್ರಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊನೆಯ ಇನ್ನೂರು ಮೀಟರಿನ ಓಟಕ್ಕೆ, ಸೀಟಿನಿಂದೆದ್ದು ಜಗ್ಗುವುದಕ್ಕೆ ಕಟ್ಟಿದ ಕಾಲು ನೆರವಾಗುತ್ತದೆ, ಒಪ್ಪಬೇಕು. ಆದರೆ ಬಣಕಲ್ಲಿನಿಂದ ಕೊಟ್ಟಿಗೆಹಾರಕ್ಕೆ ನೀರುದೋಸೆ ತಿನ್ನಲು ಹೋಗುವವನಿಗೆ ಗೆರೆ ದಾಟುವ ಸ್ಪರ್ಧೆ ಏನಿದೆ? ಮಳೆಯಲ್ಲಿ ಬರಿಯ ಪೆಡಲಿನಿಂದ ಕಾಲು ಜಾರಿ ಮೊಳಕಾಲಿಗೆ ಬಡಿಯುತ್ತದೆ ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ಪ್ರಾಮಾಣಿಕವಾದದ್ದು. ಅದಕ್ಕೆ ಮುಳ್ಳಿರುವ ಚಪ್ಪಟೆ ಪೆಡಲ್ ಇದೆ, ಇಲ್ಲವೇ ಮೇಲೆ ಹೇಳಿದ 56 ಇದೆ.

ಇಷ್ಟು ಬರೆದ ಮೇಲೆ ಒಂದು ಸಿಟ್ಟು ಉಳಿಯುತ್ತದೆ, ಅದನ್ನು ಪರಿಭಾಷೆಯಲ್ಲಿ ಮುಚ್ಚಲು ಆಗುತ್ತಿಲ್ಲ. ಈ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಕೋವಿಡ್ ಬಂದಾಗ ಅದು ನಿಂತಿತು. ಕಾಫಿ ತೋಟದ ಲೈನ್ ಮನೆಯಿಂದ ಹೈಸ್ಕೂಲಿಗೆ ಬರುವ ಹುಡುಗಿಯ ಸೀಟು ಎಷ್ಟು ಎತ್ತರ ಇರಬೇಕು, ಅವಳ ಹವಾಯಿ ಚಪ್ಪಲಿ ಒದ್ದೆಯಾದರೆ ಪೆಡಲಿನ ರಬ್ಬರು ಹಿಡಿಯುತ್ತದೆಯೇ, ಬೆನ್ನಿನ ಚೀಲದ ಭಾರಕ್ಕೆ ಏರಿನಲ್ಲಿ ಏನು ಮಾಡಬೇಕು, ಇವುಗಳ ಬಗ್ಗೆ ಯಾವ ದಶಮಾಂಶವೂ ಹುಟ್ಟಲಿಲ್ಲ. ಹೆದ್ದಾರಿಯ ಡಾಂಬರು ಮುಗಿದಲ್ಲಿಂದಲೇ ಚರಂಡಿ ಶುರುವಾಗುತ್ತದೆ; ಸೈಕಲ್ಲಿಗೆ ಅಂತ ಮೊಳದಷ್ಟು ಜಾಗವನ್ನು ಯಾವ ನಕ್ಷೆಯೂ ಬಿಟ್ಟಿಲ್ಲ. ಎಡಗಾಲು ಬಿಡಿಸಿ ಊರಿದರೆ ಚರಂಡಿ, ಬಲಗಾಲು ಬಿಡಿಸಿ ಊರಿದರೆ ಲಾರಿ. ಈ ಎರಡರಲ್ಲಿ ಒಂದನ್ನು ಆರಿಸುವುದಕ್ಕೆ ಕೆಂಪು, ನೀಲಿ, ಹಳದಿ ಯಾವ ಬಿಲ್ಲೆ ನೆರವಾಗುತ್ತದೆ?

ಪ್ರಬಂಧವೆಂದ ಮೇಲೆ ಶಿಫಾರಸು ಇರಬೇಕು, ಕೊಡೋಣ. ಕ್ಲೀಟ್ ಬೇಕೇ ಬೇಕೆನ್ನುವವರು ಎರಡು ಸ್ಕ್ರೂಗಳದ್ದನ್ನೇ ಕೊಳ್ಳಿ, ಹೆಬ್ಬೆರಳ ಬುಡದ ಗೆಣ್ಣು ಪೆಡಲಿನ ಅಚ್ಚಿನ ಮೇಲೆ ಬರುವಂತೆ ಕೂರಿಸಿ, ಪೆಡಲಿನ ಬಿಗಿತದ ಸ್ಕ್ರೂವನ್ನು ಕೊನೆಯ ಸುತ್ತಿನವರೆಗೂ ಸಡಿಲಿಸಿಡಿ. ಬಣಕಲ್ ಪೇಟೆಯ ಮೊದಲ ಅಂಗಡಿ ಕಾಣುವ ಹೊತ್ತಿಗೆ ಒಂದು ಕಾಲು ಬಿಡಿಸಿಕೊಂಡಿರಿ. ಬೂಟು ಕಳಚುವಾಗ ಕಾಲುಚೀಲದೊಳಗೆ ಇಂಬಳ ಇದೆಯೇ ನೋಡಿ. ಅದು ಯಾವ ಕಡೆ ತಿರುಚಿದರೂ ಬಿಡುವುದಿಲ್ಲ.